ಮಾವನಿಗೆ ಹಾರ್ಟ್ ಅಟ್ಯಾಕೇ ಬೇಕಿತ್ತು

ನನ್ನ ಸೋದರಮಾವನಿಗೆ ಯಾವ ವಿಷಯದಲ್ಲಾದರೂ ಅನುಮಾನ ಬಂದದ್ದನ್ನು ನಾನು ಕಂಡಿರಲಿಲ್ಲ. ಅಮ್ಮನ ಅಣ್ಣ. ಕುಣಿಗಲ್ಲಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ, ದಪ್ಪ ಮೀಸೆಯ, ಅಂಗಡಿಯ ಒಳಗೆ ಮಾತಾಡಿದರೆ ಬಸ್ ಸ್ಟ್ಯಾಂಡಿಗೆ ಕೇಳಿಸುವಂಥ ದನಿಯ ಮನುಷ್ಯ. ನಮ್ಮಪ್ಪ ಬೇಗ ತೀರಿಕೊಂಡಿದ್ದರಿಂದ ನಾನು, ನನ್ನ ತಂಗಿ ಏನು ಓದಬೇಕು, ಯಾರನ್ನು ಮದುವೆಯಾಗಬೇಕು, ಜ್ವರ ಬಂದರೆ ಯಾವ ಮಾತ್ರೆ ನುಂಗಬೇಕು ಎಲ್ಲವನ್ನೂ ಅವರೇ ತೀರ್ಮಾನಿಸುತ್ತಿದ್ದರು. ಅದಕ್ಕೆ ಅವರಿಗೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ನಾವು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉತ್ತರ ಬಂದುಬಿಡುತ್ತಿತ್ತು. ಕೆಲವು ಸಲ ನಾವು ಕೇಳದ ಪ್ರಶ್ನೆಗೂ ಬರುತ್ತಿತ್ತು.

ನನಗೆ ಕನ್ನಡ ಎಂ.ಎ. ಮಾಡುವ ಆಸೆಯಿತ್ತು. ಮಾವ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇವ್ಳು ಪ್ರತಿಯೊಂದ್ನೂ ಎರಡೆರಡು ಸಲ ನೋಡ್ತಾಳೆ. ಲೆಕ್ಕಕ್ಕೆ ಸರಿಯಾಗವ್ಳೆ" ಎಂದರು. ಹಾಗಾಗಿ ನಾನು ಗಣಿತದ ಟೀಚರ್ ಆದೆ. ಮನೆ ತುಮಕೂರಿನಲ್ಲಿ, ಕೆಲಸ ಗುಬ್ಬಿಯ ಹೈಸ್ಕೂಲಿನಲ್ಲಿ.

ಮಾವನ ತೀರ್ಮಾನಗಳೆಲ್ಲ ಸರಿಯಾಗುತ್ತಿದ್ದವು ಎಂದುಕೊಳ್ಳಬೇಡಿ. ಒಂದು ಉದಾಹರಣೆ ಸಾಕು. ಹಾರ್ಡ್‌ವೇರ್ ಅಂಗಡಿಗೆ ಮೊದಲು ಅವರು ಕುಣಿಗಲ್ಲಿನ ಹೆದ್ದಾರಿ ಪಕ್ಕದಲ್ಲಿ ಒಂದು ಹೋಟೆಲ್ ತೆರೆದಿದ್ದರು. ಊರಾಚೆಯಿಂದ ಹೊಸ ರಸ್ತೆ ಬರುತ್ತದಂತೆ ಎಂದು ಕಟಿಂಗ್ ಶಾಪಿನವನಿಂದ ಹಿಡಿದು ಎಲ್ಲರೂ ಹೇಳುತ್ತಿದ್ದರು. ಅಳತೆ ಕಲ್ಲುಗಳನ್ನು ನೆಟ್ಟದ್ದು ಕಣ್ಣಿಗೇ ಕಾಣುತ್ತಿತ್ತು. ಮಾವ ನಕ್ಕರು. "ಕಲ್ಲ್ ನೆಟ್ಟವ್ರೆ ಅಂದ್ರೆ ರೋಡ್ ಬಂತು ಅಂತಲ್ಲ ಕಣ್ರೋ" ಎಂದು ಹೋಟೆಲಿಗೆ ಮಹಡಿಯನ್ನೂ ಕಟ್ಟಿಸಿದರು. ರಸ್ತೆ ಬಂತು. ಬೆಂಗಳೂರಿನ ಕಾರುಗಳೆಲ್ಲ ಊರಿನ ಆಚೆಯಿಂದಲೇ ಭರ್ರನೆ ಹಾಸನದ ಕಡೆ ಹೋಗತೊಡಗಿದವು. ಮಾವನ ಹೋಟೆಲಿನ ಮಹಡಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಆಗಲೂ ಮಾವ ಹೇಳಿದ್ದು ಇಷ್ಟೇ: "ನನ್ ಲೆಕ್ಕ ಸರಿಯಾಗೇ ಇತ್ತು. ತಪ್ಪ್ ಮಾಡಿದ್ದು ರೋಡು."

ಇಡೀ ಕುಟುಂಬ ಹೌದೌದು ಎಂದು ತಲೆಯಾಡಿಸಿತು. ಗಟ್ಟಿ ದನಿಯವರಿಗೆ ಈ ಒಂದು ಸವಲತ್ತಿದೆ. ನಾನು ಸಾರಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಹಾಕಿದ್ದನ್ನು ನಮ್ಮ ನೆಂಟರು ಇವತ್ತಿಗೂ ಮರೆತಿಲ್ಲ.

ನನ್ನ ಸ್ವಭಾವ ಇದರ ತದ್ವಿರುದ್ಧ. ಬೆಳಿಗ್ಗೆ ಬೀಗ ಹಾಕಿ ಗೇಟಿನ ತನಕ ಬಂದರೆ ಬೀಗ ಹಾಕಿದೆನೇ ಎಂಬ ಅನುಮಾನ. ವಾಪಸ್ ಹೋಗಿ ಬೀಗ ಜಗ್ಗಿ ನೋಡಿದರೆ ಗ್ಯಾಸ್ ಆಫ್ ಮಾಡಿದೆನೇ ಎಂಬ ಅನುಮಾನ. ಒಳಗೆ ಹೋಗಿ ಗ್ಯಾಸ್ ನೋಡಿ ಬಂದರೆ ಈಗ ಮತ್ತೆ ಬೀಗದ ಸರದಿ. ಗುಬ್ಬಿ ಬಸ್ಸು ಹತ್ತಿದ ಮೇಲೂ ಬಿಡದೆ, ಹೆಗ್ಗೆರೆಯಲ್ಲಿ ಇಳಿದು ಆಟೋ ಹಿಡಿದು ಮನೆಗೆ ವಾಪಸ್ ಬಂದ ದಿನಗಳಿವೆ. ಬೀಗ ಪ್ರತಿ ಸಲವೂ ಹಾಕಿಯೇ ಇರುತ್ತಿತ್ತು. ಅದು ನನಗೆ ಸಮಾಧಾನ ಕೊಡುವ ಬದಲು, ನಾಳೆ ಹಾಕದೇ ಇರಬಹುದಲ್ಲ ಎಂಬ ಹೊಸ ಚಿಂತೆಯನ್ನು ಕೊಡುತ್ತಿತ್ತು. ಕೊನೆಕೊನೆಗೆ ನಿದ್ದೆ ಹೋಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಎದೆ ಡವಗುಟ್ಟಿ ಚಾಕ್‌ಪೀಸ್ ಕೈಜಾರುತ್ತಿತ್ತು.

ನನ್ನ ಜೊತೆ ಕೆಲಸ ಮಾಡುವ ವಿಜ್ಞಾನದ ಮೇಡಂ ಇದನ್ನು ಗಮನಿಸಿ ಒಂದು ದಿನ ನೇರವಾಗಿ ಕೇಳಿದರು. "ಬಿಪಿ ಇದ್ರೆ ಡಾಕ್ಟ್ರ ಹತ್ರ ಹೋಗ್ತೀರ ತಾನೆ? ಇದಕ್ಕೂ ಡಾಕ್ಟ್ರು ಅವ್ರೆ. ಹೋಗಿ." ಹೋದೆ. ತುಮಕೂರಿನಲ್ಲಿ ಒಂದು ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ಕೂರುವ, ಜಾಸ್ತಿ ಮಾತಾಡದ ಮನೋವೈದ್ಯರು. ಮಾತ್ರೆ ಕೊಟ್ಟರು, ಮಾತಾಡಿಸಿದರು, ಬೀಗ ಹಾಕುವಾಗ ಒಂದೇ ಸಲ ಗಟ್ಟಿಯಾಗಿ "ಹಾಕಿದೆ" ಎಂದು ಹೇಳಿಕೊಂಡು ಹಿಂತಿರುಗಿ ನೋಡದೆ ಹೋಗುವ ಅಭ್ಯಾಸ ಮಾಡಿಸಿದರು. ಗೇಟಿನ ಬಳಿ ನಿಂತು ಬೀಗದ ಜೊತೆ ಮಾತಾಡುವ ನನ್ನನ್ನು ಎದುರು ಮನೆಯವರು ವಿಚಿತ್ರವಾಗಿ ನೋಡುತ್ತಿದ್ದರು. ಆದರೆ ಕೆಲವು ತಿಂಗಳಲ್ಲಿ ನನಗೆ ನಿದ್ದೆ ಬರತೊಡಗಿತು.

ಈ ವಿಷಯ ಗೊತ್ತಾದಾಗ ಅಮ್ಮ ಮೊದಲು ಮಾಡಿದ ಕೆಲಸವೆಂದರೆ ನನ್ನ ಕಾಯಿಲೆಯ ಹೆಸರು ಬದಲಾಯಿಸಿದ್ದು. ಯಾರು ಕೇಳಿದರೂ "ಅವ್ಳಿಗೆ ಥೈರಾಯ್ಡ್" ಎಂದುಬಿಟ್ಟರು. ನಮ್ಮ ಕಡೆ ಕಾಯಿಲೆಗಳಿಗೂ ಅಂತಸ್ತಿದೆ. ಶುಗರ್ ಬಂದರೆ ಮನುಷ್ಯನಿಗೆ ಒಂದು ಗೌರವ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತು "ಹೋಳಿಗೆ ಬ್ಯಾಡ, ನಂಗೆ ಶುಗರ್ರು" ಎನ್ನುವವರ ದನಿಯಲ್ಲಿ ಪ್ರಶಸ್ತಿ ಬಂದವರ ಬಿಂಕ ಇರುತ್ತದೆ. ಹಾರ್ಟಿನದಾದರೆ ಇನ್ನೂ ದೊಡ್ಡ ಪದವಿ. ಥೈರಾಯ್ಡ್ ಹೆಂಗಸರಿಗೆ ಒಪ್ಪುವ ಮರ್ಯಾದಸ್ಥ ಕಾಯಿಲೆ. ಮನಸ್ಸಿನ ಕಾಯಿಲೆ ಮಾತ್ರ ಯಾರ ಮನೆಯಲ್ಲೂ ಇಲ್ಲ.

ಮಾವನಿಗೆ ಮಾತ್ರ ಅಮ್ಮ ನಿಜ ಹೇಳಿದ್ದರು. ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ತಲೆ ಡಾಕ್ಟ್ರ ಹತ್ರ ಹೋಗಿದ್ಯಂತೆ?"

"ಹ್ಞೂ ಮಾವ."

"ನಮ್ ವಂಶದಲ್ಲೇ ಇಲ್ಲ ಇದು. ನೀನು ಪುಕ್ಲು, ಅಷ್ಟೇಯ. ಯೋಚ್ನೆ ಮಾಡೋದ್ ಬುಡು. ಬೆಳಗೆದ್ದು ಬಾವೀಲಿ ನಾಕ್ ಬಿಂದಿಗೆ ನೀರ್ ಸೇದು, ಎಲ್ಲಾ ಸರಿಹೋಯ್ತದೆ."

"ಬಾವಿ ಎಲ್ಲಿದೆ ಮಾವ?"

"ನೋಡ್ದಾ, ಎಲ್ಲದಕ್ಕೂ ಒಂದು ಪ್ರಶ್ನೆ ನಿಂದು" ಎಂದು ಎದ್ದು ಹೋದರು.

ಅಂದಿನಿಂದ ಕುಟುಂಬದಲ್ಲಿ ನಾನು 'ಪುಕ್ಲು' ಎಂದೇ ಪ್ರಸಿದ್ಧಳಾದೆ.

ಹೋದ ವರ್ಷ ನನ್ನ ತಂಗಿಯ ಮಗಳ ಮದುವೆ ನಿಶ್ಚಯವಾಯಿತು. ತಂಗಿಯ ಮನೆ ಗುಬ್ಬಿಯಲ್ಲಿದೆ. ಹುಡುಗಿ ಎಲ್ಲ ನೆಂಟರನ್ನೂ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದಳು. ಮಾವನನ್ನೂ ಸೇರಿಸಿದಳು. ಅವರು ಪ್ರತಿದಿನ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದ ಜೊತೆ ಶುಭೋದಯ ಕಳಿಸುತ್ತಿದ್ದರು. ಮದುವೆಯ ಛತ್ರ ಎಲ್ಲಿ ಎಂಬ ಪ್ರಶ್ನೆ ಬಂದಾಗ ಮಾವ ಗ್ರೂಪಿನಲ್ಲೇ ಧ್ವನಿ ಸಂದೇಶ ಹಾಕಿದರು: "ಕುಣಿಗಲ್ ಛತ್ರದಲ್ಲಿ ಮಾಡದು. ಮಾತಾಡಿದೀನಿ. ಮುಗೀತು."

ಮುಗಿಯಲಿಲ್ಲ. ಹುಡುಗಿ ಒಂದು ಪೋಲ್ ಹಾಕಿದಳು. ಗುಬ್ಬಿಯೋ, ಕುಣಿಗಲ್ಲೋ? ಎಲ್ಲರೂ ಗುಬ್ಬಿ ಎಂದು ಒತ್ತಿದರು. ಕುಣಿಗಲ್ಲಿಗೆ ಬಿದ್ದದ್ದು ಒಂದೇ ಮತ. ಅತ್ತೆ, ಅಂದರೆ ಮಾವನ ಹೆಂಡತಿ, ಅವರದೇ ಪಕ್ಕದಲ್ಲಿ ಸೋಫಾದ ಮೇಲೆ ಕೂತು ಗುಬ್ಬಿಗೆ ಒತ್ತಿದ್ದರು. ಯಾರು ಯಾವುದಕ್ಕೆ ಒತ್ತಿದರು ಎಂಬುದು ಪೋಲಿನಲ್ಲಿ ಕಾಣಿಸುತ್ತದೆ ಎಂದು ಅತ್ತೆಗೆ ಗೊತ್ತಿರಲಿಲ್ಲ. ಮಾವನಿಗೆ ಗೊತ್ತಿತ್ತು.

ಮುಂದಿನ ಭಾನುವಾರ ಎಲ್ಲರೂ ತಂಗಿಯ ಮನೆಯಲ್ಲಿ ಸೇರಿದೆವು. ಅಡುಗೆಯವರು ಬಂದಿದ್ದರು. ಛತ್ರ ಆಗಲೇ ಗೊತ್ತಾಗಿದ್ದರಿಂದ ಅದರ ಮಾತೇ ಬರಲಿಲ್ಲ. ಬೆಳಗಿನ ತಿಂಡಿಗೆ ತಟ್ಟೆ ಇಡ್ಲಿಯೋ, ಅಕ್ಕಿರೊಟ್ಟಿಯೋ ಎಂದು ಹುಡುಗಿ ಮತ್ತು ತಂಗಿಯ ಗಂಡ ಚರ್ಚೆ ಮಾಡುತ್ತಿದ್ದರು. ಮಾವ ಗೋಡೆಗೆ ಒರಗಿ ಕೂತಿದ್ದರು. ಯಾರೂ ಅವರ ಮುಖ ನೋಡಿ "ಏನ್ಮಾಡದು?" ಎಂದು ಕೇಳಲಿಲ್ಲ. ಬೇಕೆಂದು ಹಾಗೆ ಮಾಡಿದ್ದಲ್ಲ, ಮಾತಿನ ಭರದಲ್ಲಿ ಮರೆತಿದ್ದರು.

ಮಾವನ ಹಣೆಯ ಮೇಲೆ ಬೆವರು ಮೂಡಿತು. ಎದೆ ಹಿಡಿದುಕೊಂಡರು. "ಉಸ್ರು... ಉಸ್ರು ಬರ್ತಿಲ್ಲ" ಎಂದರು. ಬೆರಳೆಲ್ಲ ಜುಮುಜುಮು ಅಂತೈತೆ ಎಂದು ಕೈ ಉಜ್ಜಿಕೊಂಡರು. ತಂಗಿ ಕಿರುಚಿದಳು. ಅಡುಗೆಯವರು ತಾವೇ ಏನೋ ತಪ್ಪು ಮಾಡಿದವರಂತೆ ಎದ್ದು ಬಾಗಿಲ ಹೊರಗೆ ನಿಂತರು. ತಂಗಿಯ ಗಂಡ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಮಾವನ ಒಂದು ಪಕ್ಕ ಅತ್ತೆ, ಇನ್ನೊಂದು ಪಕ್ಕ ನಾನು. ತುಮಕೂರಿನ ತನಕ ಅವರು ನನ್ನ ಕೈ ಬಿಡಲಿಲ್ಲ.

"ನಾನ್ ಹೊಂಟೋಯ್ತೀನಿ ಕಣೇ."

"ಏನಾಗಲ್ಲ ಮಾವ. ನಿಧಾನಕ್ಕೆ ಉಸಿರು ಬಿಡಿ. ಉದ್ದಕ್ಕೆ, ಹಾಗೇ."

ಬೆರಳ ತುದಿಯ ಜುಮುಜುಮು, ಗಂಟಲಿಗೆ ಏನೋ ಅಡ್ಡ ಸಿಕ್ಕಿಕೊಂಡಂತೆ ಮಾಡುವ ಸದ್ದು, ಸಾಯುತ್ತೇನೆ ಎಂಬ ಆ ಕಣ್ಣು, ಇವೆಲ್ಲ ನನಗೆ ಹೊಸದಾಗಿರಲಿಲ್ಲ. ಆದರೂ ನನಗೆ ಅನಿಸಿದ್ದನ್ನು ನಾನು ಹೇಳಲಿಲ್ಲ. ನಿಜವಾಗಿ ಹೃದಯದ್ದೇ ಆಗಿದ್ದರೆ? ಅದನ್ನು ನೋಡಬೇಕಾದವರು ಡಾಕ್ಟರು.

ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಪರೀಕ್ಷೆ, ಎಕೋ ಎಲ್ಲ ಆಯಿತು. ಅಷ್ಟರಲ್ಲಿ ಗ್ರೂಪಿನಲ್ಲಿ ಸುದ್ದಿ ಹರಡಿ, ಕುಣಿಗಲ್, ಅಮೃತೂರುಗಳಿಂದ ನೆಂಟರು ಎಳನೀರು, ಸೇಬು ಹಿಡಿದು ಬಂದು ಕಾರಿಡಾರಿನಲ್ಲಿ ತುಂಬಿಕೊಂಡಿದ್ದರು. ಒಬ್ಬರು ಬರುವ ದಾರಿಯಲ್ಲೇ ಅತ್ತೂ ಮುಗಿಸಿದ್ದರು. ಸಂಜೆ ಒಬ್ಬ ಯುವ ಡಾಕ್ಟರಮ್ಮ ಬಂದು ನಗುತ್ತಾ ಹೇಳಿದರು: "ಗುಡ್ ನ್ಯೂಸ್. ನಿಮ್ ಹಾರ್ಟು ತುಂಬಾ ಚೆನ್ನಾಗಿದೆ. ಇದು ಆತಂಕದಿಂದ ಆಗಿರೋದು. ಪ್ಯಾನಿಕ್ ಅಂತೀವಿ. ಒಂದ್ಸಲ ಮನೋವೈದ್ಯರನ್ನ ನೋಡಿ."

ಅಷ್ಟು ಒಳ್ಳೆಯ ಸುದ್ದಿಯನ್ನು ಅಷ್ಟು ಕೆಟ್ಟದಾಗಿ ಸ್ವೀಕರಿಸಿದ ರೋಗಿಯನ್ನು ಆಕೆ ನೋಡಿರಲಾರರು. ಮಾವ ಮಂಚದ ಮೇಲೆ ಎದ್ದು ಕೂತರು. ದನಿ ಪೂರ್ತಿ ವಾಪಸ್ ಬಂದಿತ್ತು.

"ಚೆನ್ನಾಗೈತೆ ಅಂದ್ರೆ? ಇನ್ನೊಂದ್ಸಲ ನೋಡಮ್ಮ. ನಮ್ಮ ಪಕ್ಕದ ಮನೆಯೋನಿಗೆ ಎರಡು ಸ್ಟೆಂಟ್ ಹಾಕವ್ರೆ. ಅವ್ನಿಗಿಂತ ಜಾಸ್ತಿ ನೋವು ನಂಗೆ ಬಂದೈತೆ."

"ನೋವು ನಿಜವೇ. ಆದ್ರೆ ಹಾರ್ಟಿಂದಲ್ಲ."

"ಮತ್ತೆ? ನನ್ಗೆ ತಲೆ ಕೆಟ್ಟೈತಾ?"

ಕಾರಿಡಾರಿನಲ್ಲಿದ್ದ ನೆಂಟರು ಎಳನೀರು ಹಿಡಿದುಕೊಂಡೇ ನಿಂತಿದ್ದರು. ಹೃದಯಾಘಾತಕ್ಕೆಂದು ತಂದ ಎಳನೀರನ್ನು ಆತಂಕಕ್ಕೆ ಕೊಡಬಹುದೋ ಬಾರದೋ ಅವರಿಗೆ ತಿಳಿಯಲಿಲ್ಲ.

ಆಮೇಲೆ ಮಾವ ಹೃದಯದ ಕಾಯಿಲೆ ಹುಡುಕಿಕೊಂಡು ಹೊರಟರು. ಇನ್ನೊಂದು ಆಸ್ಪತ್ರೆಗೆ ಹೋದರು. ಅಲ್ಲೂ ಹೃದಯ ಗಟ್ಟಿಯಾಗಿದೆ ಎಂದರು. ಬೆಂಗಳೂರಿಗೆ ಹೋಗಿ ಟ್ರೆಡ್‌ಮಿಲ್ ಮೇಲೆ ಓಡಿ ಬಂದರು. ಅಲ್ಲಿನವರು ಈ ವಯಸ್ಸಿಗೆ ಇಷ್ಟು ಚೆನ್ನಾಗಿ ಓಡುತ್ತೀರಲ್ಲ ಎಂದು ಹೊಗಳಿ ಕಳಿಸಿದರು. ಮಾವ ಒಂದು ವಾರ ಯಾರ ಜೊತೆಯೂ ಮಾತಾಡಲಿಲ್ಲ. ಕೇಳಿದವರಿಗೆ ಅತ್ತೆ "ಗ್ಯಾಸು" ಎಂದು ಹೇಳುತ್ತಿದ್ದರು. ಮರ್ಯಾದೆಗೆ ಗ್ಯಾಸು ಮೋಸವಿಲ್ಲ.

ಆದರೆ ಗ್ಯಾಸು ಮತ್ತೆ ಮತ್ತೆ ಬರತೊಡಗಿತು. ಅಂಗಡಿಯಲ್ಲಿ ಕೂತಾಗ ಬಂತು, ಬಸ್ಸಿನಲ್ಲಿ ಬಂತು, ಕ್ಷೌರಕ್ಕೆ ಕುತ್ತಿಗೆಗೆ ಬಟ್ಟೆ ಕಟ್ಟಿದಾಗ ಬಂತು. ಮಾವ ಬಸ್ಸು ಹತ್ತುವುದನ್ನು ಬಿಟ್ಟರು. ಆಮೇಲೆ ಅಂಗಡಿಗೆ ಹೋಗುವುದನ್ನೂ ಬಿಟ್ಟರು. ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಮೊಳೆಯ ಅಳತೆ ಕೇಳಲು ಅವನು ಫೋನ್ ಮಾಡಿದರೆ ಮಾವ "ನೀನೇ ನೋಡ್ಕಳೋ" ಎಂದು ಇಟ್ಟುಬಿಡುತ್ತಿದ್ದರಂತೆ. ಅದನ್ನು ಕೇಳಿದಾಗ ನನಗೆ ನಿಜಕ್ಕೂ ಭಯವಾಯಿತು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಮಾವನ ಫೋನ್ ಬಂತು. ದನಿ ಎಷ್ಟು ತಗ್ಗಿತ್ತೆಂದರೆ ಬೇರೆ ಯಾರೋ ಎಂದುಕೊಂಡೆ.

"ನಿನ್ನ ಆ ಥೈರಾಯ್ಡ್ ಡಾಕ್ಟ್ರು... ಈಗ್ಲೂ ಅಲ್ಲೇ ಕೂರ್ತಾರಾ?"

"ಕೂರ್ತಾರೆ ಮಾವ."

"ನಿಮ್ಮತ್ತೆ ಬಲವಂತ ಮಾಡ್ತಾವ್ಳೆ, ಅದ್ಕೆ. ಅವ್ಳ ಸಮಾಧಾನಕ್ಕೆ ಒಂದ್ಸಲ ಬರ್ತೀನಿ."

ಬಂದರು. ಶನಿವಾರ ಮಧ್ಯಾಹ್ನ, ಬಿಳಿ ಶರ್ಟು, ತಲೆಗೆ ಮಫ್ಲರು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮಫ್ಲರು ಸುತ್ತಿಕೊಂಡ ಮನುಷ್ಯನನ್ನು ಇಡೀ ಬೀದಿ ತಿರುಗಿ ನೋಡಿತು. ಯಾರೂ ಗುರುತು ಹಿಡಿಯಬಾರದು ಎಂಬುದು ಅವರ ಉಪಾಯ. ಮೇಲೆ ಹೋದರೆ ಕಾಯುವ ಕೋಣೆಯಲ್ಲಿ ಕುಣಿಗಲ್ಲಿನ ರಿಟೈರ್ಡ್ ಹೆಡ್‌ಮಾಸ್ಟರು ಕೂತಿದ್ದರು, ಮಾವನ ಅಂಗಡಿಯ ಹಳೇ ಗಿರಾಕಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬೆಚ್ಚಿದರು.

"ಏನ್ ಮೇಷ್ಟ್ರೇ, ಇಲ್ಲಿ?"

"ಇಲ್ಲೇ ಒಬ್ರನ್ನ ನೋಡಕ್ ಬಂದಿದ್ದೆ. ನೀವು?"

"ನಮ್ ಹುಡುಗಿನ ಕರ್ಕಂಡ್ ಬಂದೆ" ಎಂದು ಮಾವ ನನ್ನ ಕಡೆ ಕೈ ತೋರಿಸಿದರು. ಮೇಷ್ಟ್ರು ಮರುಕದಿಂದ ನನ್ನನ್ನು ನೋಡಿದರು. ನಾನು ಮರುಕ ಬೇಡುವವಳಂತೆ ತಲೆ ತಗ್ಗಿಸಿದೆ. ಆ ಕೋಣೆಯಲ್ಲಿ ರೋಗಿಗಳೇ ಇರಲಿಲ್ಲ. ಎಲ್ಲರೂ ಯಾರನ್ನೋ ಕರೆದುಕೊಂಡು ಬಂದವರು.

ಡಾಕ್ಟರು ಕೇಳಿದ್ದಕ್ಕೆಲ್ಲ ಮಾವ ಹೊಟ್ಟೆಯ ಕಥೆಯನ್ನೇ ಹೇಳಿದರು. ಡಾಕ್ಟರು ಸಾವಧಾನವಾಗಿ ಕೇಳಿ, "ಭಯ ಆಗುತ್ತಾ ನಿಮಗೆ?" ಎಂದರು.

"ಭಯವಾ? ನಂಗಾ?" ಮಾವ ನಕ್ಕು ನನ್ನ ಕಡೆ ನೋಡಿದರು.

ಆಗ ಅತ್ತೆ ಬಾಯಿ ಬಿಟ್ಟರು. ನಮ್ಮ ಅತ್ತೆ ಮಾವನ ಎದುರಿಗೆ ಒಂದು ಪೂರ್ತಿ ವಾಕ್ಯ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಇವ್ರಿಗೆ ಭಯ ಅಲ್ಲದೆ ಇನ್ನೇನಿಲ್ಲ ಡಾಕ್ಟ್ರೇ. ಹಗಲೊತ್ತು ಎಲ್ರಿಗೂ ಹಿಂಗ್ ಮಾಡಿ, ಹಂಗ್ ಮಾಡಿ ಅಂತಾರೆ. ರಾತ್ರಿ ಎದ್ದು ಕೂತ್ಕಂಡು ನಾನ್ ಹೇಳಿದ್ದು ತಪ್ಪಾಯ್ತಾ, ತಪ್ಪಾಯ್ತಾ ಅಂತ ನನ್ ಜೀವ ತಿಂತಾರೆ. ಹೋಟ್ಲು ಮುಚ್ಚಿದಾಗಿಂದ ಇದೇ ಆಗದೆ. ಇವ್ಳ ಮದುವೆ ಹಿಂದಿನ ದಿನ ಗಂಡು ಸರಿ ಇಲ್ದೆ ಹೋದ್ರೆ ಏನ್ ಗತಿ ಅಂತ ಕೊಟ್ಟಿಗೇಲಿ ಕೂತು ಅತ್ತವ್ರೆ."

ಮಾವ ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ನಾನು ಬೀಗ ಜಗ್ಗಿ ನೋಡಲು ಹೆಗ್ಗೆರೆಯಿಂದ ವಾಪಸ್ ಬರುತ್ತಿದ್ದೆ. ಇವರು ಹಾಕಿದ ಬೀಗವನ್ನು ಇನ್ನೊಮ್ಮೆ ಮುಟ್ಟಿಯೂ ನೋಡದೆ ಅದರ ಚಿಂತೆಯನ್ನೆಲ್ಲ ಇಷ್ಟು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದರು. ನನ್ನನ್ನು ಪುಕ್ಲು ಎಂದು ಕರೆಯಲು ಇವರಿಗೆ ಎಂಥ ಧೈರ್ಯ ಎಂದು ಸಿಟ್ಟೂ ಬಂತು.

"ಹುಟ್ಟುಗುಣ ಸುಟ್ರೂ ಹೋಗಲ್ವಲ್ಲ ಡಾಕ್ಟ್ರೇ" ಎಂದರು ಮಾವ, ಮಫ್ಲರನ್ನು ಪೂರ್ತಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು.

"ಹೋಗೋದು ಬೇಡ. ಸ್ವಲ್ಪ ಪಕ್ಕಕ್ಕೆ ಸರಿದು ಕೂತ್ರೆ ಸಾಕು" ಎಂದರು ಡಾಕ್ಟರು.

ಮಾತ್ರೆ ಶುರುವಾಯಿತು. ವಾರಕ್ಕೊಮ್ಮೆ ಬಂದು ಮಾತಾಡಿ ಹೋಗುತ್ತಿದ್ದರು. ಮೊದಮೊದಲು ಮಾತಾಡಿಸುವುದೆಂದರೆ ಡಾಕ್ಟರಿಗೆ ಸಲಹೆ ಕೊಡುವುದು ಎಂದು ತಿಳಿದು, ಕ್ಲಿನಿಕ್ಕಿನ ಮೆಟ್ಟಿಲು ಯಾವ ದಿಕ್ಕಿಗಿರಬೇಕು ಎಂದು ವಿವರಿಸಿ ಬಂದರಂತೆ. ಆದರೂ ಮಳೆಗಾಲದ ಹೊತ್ತಿಗೆ ಬಸ್ಸು ಹತ್ತಿದರು, ಅಂಗಡಿಗೆ ಹೋದರು, ರಾತ್ರಿ ಗೊರಕೆ ಹೊಡೆಯುತ್ತಾರೆ ಎಂದು ಅತ್ತೆ ಸಂತೋಷದಿಂದ ದೂರು ಹೇಳಿದರು. ಊರಿನ ಪಾಲಿಗೆ ಮಾತ್ರ ಅದು ಗ್ಯಾಸಾಗಿಯೇ ಉಳಿಯಿತು.

ಮದುವೆ ಗುಬ್ಬಿಯಲ್ಲೇ ಆಯಿತು. ಮುಹೂರ್ತ ಮುಗಿದು ಊಟದ ಪಂಕ್ತಿಗೆ ಕಾಯುತ್ತಾ ಗಂಡಸರು ಕುರ್ಚಿಗಳನ್ನು ಗುಂಡಗೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲೇ ನಾನೂ ತಂಗಿಯೂ ತಾಂಬೂಲದ ಚೀಲ ಜೋಡಿಸುತ್ತಿದ್ದೆವು. ಅತ್ತೆಯ ತಮ್ಮ, ಅಮೃತೂರಿನಲ್ಲಿ ತೆಂಗಿನ ತೋಟ ಇರುವವರು, ಯಾರದೋ ಮಗಳ ಸುದ್ದಿ ತೆಗೆದರು. "ಅದಕ್ಕೆ ಮೆಂಟ್ಲು ಡಾಕ್ಟ್ರ ಮಾತ್ರೆ ಕೊಡ್ಸವ್ರಂತೆ. ಅವೆಲ್ಲಾ ಒಂದ್ಸಲ ತಗಂಡ್ರೆ ಮುಗೀತು. ಸಾಯೋಗಂಟ ಬುಡಕ್ಕಾಗಲ್ಲ. ಮನುಷ್ಯ ತೂಕಡಿಸ್ತಾ ಕೂರ್ತಾನೆ, ಅಷ್ಟೇಯ."

ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಮಾವ ಸುಮ್ಮನಿರಬಹುದಿತ್ತು. ಅವರ ಗುಟ್ಟು ಭದ್ರವಾಗಿತ್ತು. ಆದರೆ ಅವರ ಎದುರಿಗೆ ಇನ್ನೊಬ್ಬ, ಅದೂ ಹೆಂಡತಿಯ ತಮ್ಮ, ಎಲ್ಲ ಗೊತ್ತಿದ್ದವನಂತೆ ಮಾತಾಡುತ್ತಿದ್ದ. ಅದನ್ನು ತಡೆದುಕೊಳ್ಳುವ ಶಕ್ತಿ ಕೊಡುವ ಮಾತ್ರೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

"ನಿಂಗೇನ್ಲಾ ಗೊತ್ತು?" ಎಂದರು ಮಾವ, ಹಳೆಯ ದನಿಯಲ್ಲಿ. "ನಾನ್ ತಗತಾ ಇದೀನಿ. ತೂಕಡಿಸ್ತಾ ಇದೀನಾ? ಡಾಕ್ಟ್ರು ಆಗ್ಲೇ ಡೋಸ್ ಕಮ್ಮಿ ಮಾಡವ್ರೆ."

ನನ್ನ ಕೈಯಲ್ಲಿದ್ದ ತೆಂಗಿನಕಾಯಿ ಚೀಲದೊಳಗೆ ಹೋಗದೆ ಹಾಗೇ ನಿಂತಿತು.

"ನೀನಾ ಭಾವ? ಯಾವ ಮಾತ್ರೆ?"

"ಅದೇ ಮೆಂಟ್ಲು ಡಾಕ್ಟ್ರುದು. ಎದೆ ಡವಡವ ಅಂತಿತ್ತು, ಈಗಿಲ್ಲ. ತಿಳ್ಕಂಡ್ ಮಾತಾಡ್ಬೇಕು ಕಣೋ."

ಮಾವ ಧೈರ್ಯವಂತರಾಗಿ ಹಾಗೆ ಹೇಳಿದರು ಎಂದು ಈಗ ತಂಗಿ ಎಲ್ಲರಿಗೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ವಾದದಲ್ಲಿ ಸೋಲಲು ಆಗದೆ ಹೇಳಿದರು. ಆ ಜಂಬವೇ ಅವರನ್ನು ಇಷ್ಟು ವರ್ಷ ರಾತ್ರಿಯೆಲ್ಲ ಎಬ್ಬಿಸಿ ಕೂರಿಸಿದ್ದು. ಅದೇ ಜಂಬ ಅವತ್ತು, ವಿನಯವಂತೆಯಾದ ನಾನು ಎಂದೂ ಮಾಡದ ಕೆಲಸವನ್ನು ತುಂಬಿದ ಛತ್ರದಲ್ಲಿ ಮಾಡಿಬಿಟ್ಟಿತು.

ಊಟ ಮುಗಿಯುವ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಮಾವನ ಪಕ್ಕಕ್ಕೆ ಬಂದು ಕೂತು ಎದ್ದು ಹೋಗುತ್ತಿದ್ದುದನ್ನು ಕಂಡೆ. ಒಬ್ಬರಿಗೆ ಸ್ನೇಹಿತನ ಸಲುವಾಗಿ ಡಾಕ್ಟರ ನಂಬರ್ ಬೇಕಿತ್ತು. ಇನ್ನೊಬ್ಬರಿಗೆ ಸ್ನೇಹಿತನ ಹೆಂಡತಿಯ ಸಲುವಾಗಿ. ಮಾವ ಎಲ್ಲರಿಗೂ ನಂಬರ್ ಜೊತೆ ತಮ್ಮದೇ ಡಯಾಗ್ನೋಸಿಸನ್ನೂ ಸೇರಿಸಿ ಕೊಡುತ್ತಿದ್ದರು. "ನಿಂದು ನಂದಷ್ಟಿಲ್ಲ, ನಿಂಗೆ ಅರ್ಧ ಮಾತ್ರೆ ಸಾಕು" ಎಂದು ಒಬ್ಬರಿಗೆ ಹೇಳುವಾಗ ನಾನು ಹೋಗಿ, "ಮಾವ, ಅದನ್ನ ಡಾಕ್ಟ್ರು ಹೇಳ್ಲಿ" ಎಂದು ತಡೆಯಬೇಕಾಯಿತು.

ಸಂಜೆ ಅಮೃತೂರಿನ ಆ ತಮ್ಮ ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಮಾವ ಅವರ ಹೆಗಲ ಮೇಲೆ ಕೈ ಹಾಕಿದರು.

"ನೀನೂ ರಾತ್ರಿ ನಿದ್ದೆ ಮಾಡಲ್ಲ ಅಂತ ನಿಮ್ಮಕ್ಕ ಹೇಳವ್ಳೆ. ಸೋಮವಾರ ಹತ್ ಗಂಟೆಗೆ ತುಮಕೂರ್ ಬಸ್ ಸ್ಟ್ಯಾಂಡಲ್ಲಿರು. ನಾನೇ ಕರ್ಕಂಡ್ ಹೋಯ್ತೀನಿ. ಯೋಚ್ನೆ ಮಾಡದೇನೂ ಬ್ಯಾಡ."

ಅವರು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು ಕಾರು ಹತ್ತಿದರು.

ಸೋಮವಾರ ನಾನು ಎರಡನೇ ಪಿರಿಯಡ್ಡಿಗೆ ಹೊರಟಿದ್ದಾಗ ಮಾವ ಫೋನ್ ಮಾಡಿದರು. ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಿದ್ದಾರಂತೆ. ಅಮೃತೂರಿನವರು ಇಸ್ತ್ರಿ ಶರ್ಟು ಹಾಕಿಕೊಂಡು ಮಾವನಿಗಿಂತ ಮೊದಲೇ ಬಂದು ನಿಂತಿದ್ದರಂತೆ. ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೀರಾ ಎಂದು ಕೇಳಿದೆ.

"ಅದೆಲ್ಲಾ ಬೇಕಾ?" ಎಂದರು ಮಾವ.

ನಾನು ಕ್ಲಾಸಿಗೆ ಹೋಗಿ ಮಕ್ಕಳಿಗೆ ಅಭ್ಯಾಸದ ಲೆಕ್ಕಗಳನ್ನು ಮಾಡಿಕೊಳ್ಳಲು ಹೇಳಿ, ಕಾರಿಡಾರಿಗೆ ಬಂದು ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಹಚ್ಚಿದೆ.